ಏನೂ ಆಗಬೇಕಿಲ್ಲದ ನೆಂಟರು

ವೆಂಡೆಲ್ ಮೇಷ್ಟ್ರಿಗೆ ಒಂದೇ ಹುಚ್ಚು. ಹಂಗೇರಿಯವರೂ ಸುಮಾತ್ರಾದ ಮಿನಾಂಗ್ ಜನರೂ ಒಂದೇ ತಾಯಿಯ ಮಕ್ಕಳೆಂದು ಸಾಧಿಸುವುದು. ನಿವೃತ್ತರಾದ ಮೇಲೆ ಹಂಗೇರಿಯ ತಮ್ಮ ಸೆಗೆದ್ ಊರಿನ ಬಿಸಿನೀರ ಕೊಳದಲ್ಲಿ ಸಿಕ್ಕಿದವರಿಗೆಲ್ಲ ಇದನ್ನೇ ಕೊರೆದರು. ಕೊಳದಲ್ಲೇ ಕೂತು ಚದುರಂಗ ಆಡುವ ಗೆಳೆಯರಂತೂ ಇವರನ್ನು ಕಂಡರೆ ತಲೆಸಮೇತ ನೀರಲ್ಲಿ ಮುಳುಗುತ್ತಿದ್ದರು.

ಅಂಥದ್ದರಲ್ಲಿ ಮಗ ಬೊಟೊಂಡ್ ಮಿನಾಂಗ್ ಹುಡುಗಿಯನ್ನೇ ಮೆಚ್ಚಿದ. ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು.

ಹುಡುಗಿ ರಸೂನಾಳ ತಾಯಿ ರೋಸ್ನಿಯಾರ್, ತಮ್ಮ ಪದ್ಧತಿಯಂತೆ ವರನನ್ನು ಕೇಳಲು ವೀಳ್ಯದ ಪೆಟ್ಟಿಗೆ ಹಿಡಿದು ಸುಮಾತ್ರಾದಿಂದ ಮೇಷ್ಟ್ರ ಮನೆಗೆ ಬಂದರು. ಅವರು ಮೀನಿನ ಸಾರಿಗೆ ಇನ್ನಷ್ಟು ಖಾರದ ಪುಡಿ ಸುರಿದುಕೊಂಡು ಚಪ್ಪರಿಸುತ್ತಿದ್ದಾಗ ಮೇಷ್ಟ್ರು ಶುರುಹಚ್ಚಿಕೊಂಡರು. ರಸೂನಾ ಅನುವಾದಿಸುತ್ತ ಹೋದಳು.

“ನೋಡಿ ಅಮ್ಮಾವ್ರೇ, ಸಾಬೂನಿಗೆ ನಿಮ್ಮಲ್ಲಿ ಸಾಬುನ್, ನಮ್ಮಲ್ಲಿ ಸಪ್ಪನ್. ತಂದೆಗೆ ನೀವು ಅಪಕ್ ಅಂತೀರಿ, ನಾವು ಅಪ ಅಂತೀವಿ. ನಾವೆಲ್ಲ ಒಂದೇ ಅಜ್ಜಿ ಮೊಮ್ಮಕ್ಕಳು!”

ರೋಸ್ನಿಯಾರ್ ಚಮಚ ಕೆಳಗಿಟ್ಟರು. “ತಾಯಿ ಕಡೆಯಿಂದಾನಾ?”

“ತಾಯಿ ಕಡೆಯಿಂದಾನೇ!” ಮೇಷ್ಟ್ರು ಮೇಜು ಕುಟ್ಟಿದರು.

“ಹಾಗಾದ್ರೆ ಈ ಮದ್ವೆ ಆಗಲ್ಲ. ನಮ್ಮಲ್ಲಿ ಕುಲ, ಬಳಿ ಎಲ್ಲ ತಾಯಿ ಕಡೆಯದೇ. ಒಂದೇ ಬಳಿಯವ್ರು ಅಣ್ಣ ತಂಗಿ ಇದ್ದಂಗೆ. ಊರಲ್ಲಿ ಕುಲದ ಹಿರಿಯ ನಮ್ಮಣ್ಣ ಕೇಳಿದ್ರೆ ನಾನು ಸುಳ್ಳು ಹೇಳಲ್ಲ.” ಅವರು ಪೆಟ್ಟಿಗೆಯ ಮುಚ್ಚಳ ಹಾಕಿದರು.

“ಸಮಾಧಾನ ಆಯ್ತಾ ಅಪ್ಪ?” ಬೊಟೊಂಡ್ ಹಲ್ಲು ಕಚ್ಚಿದ. “ನೀವೇ ಕಟ್ಟಿದ್ದು, ನೀವೇ ಬಿಚ್ಚಿ.”

ಯಾವ ಪಂಡಿತರು ಹೇಳಿದರೂ ಜಗ್ಗದ ಮನುಷ್ಯ. ಮಗನ ಮುಖ ನೋಡಿದರು. ರೋಸ್ನಿಯಾರ್ ಕಡೆ ತಿರುಗಿದರು.

“ಸಾಬೂನು ಎರವಲು ಮಾತು, ಅಮ್ಮಾವ್ರೇ. ಲ್ಯಾಟಿನ್ನಿಂದ ಹೊರಟು ಊರೂರು ಸುತ್ತಿ ನಿಮ್ಮಲ್ಲಿಗೂ ಬಂತು, ನಮ್ಮಲ್ಲಿಗೂ ಬಂತು. ಅಪ ಅನ್ನೋದು ತೊಟ್ಟಿಲ ಕೂಸಿನ ತೊದಲು, ಎಷ್ಟೋ ಊರಲ್ಲಿದೆ. ನಾವು ನಿಮಗೆ ಏನೂ ಆಗಬೇಕಿಲ್ಲ.”

“ಖಂಡಿತವಾ?”

“ಖಂಡಿತ. ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಬರೀ ಬೊಗಳೆ.”

ರೋಸ್ನಿಯಾರ್ ಮುಖ ಅರಳಿತು. “ಏನೂ ಆಗಬೇಕಿಲ್ಲ ಅಂದ್ಮೇಲೆ ಬನ್ನಿ, ಬೀಗರಾಗೋಣ,” ಎಂದು ಪೆಟ್ಟಿಗೆ ತೆರೆದು ಅವರ ಮುಂದೆ ಸರಿಸಿದರು.

ಮೇಷ್ಟ್ರು ವೀಳ್ಯ ತೆಗೆದುಕೊಂಡರು. ಖುಷಿಯೇನೋ ಆಯಿತು, ಆದರೆ ಕೈಯಾರೆ ಕಟ್ಟಿದ ಮನೆಯನ್ನು ಕೈಯಾರೆ ಕೆಡವಿದ ಸಂಕಟವೂ ಆಯಿತು. ನಾಳೆ ಕೊಳದಲ್ಲಿ ಏನು ಮಾತಾಡುವುದು?

ಅದುವರೆಗೂ ‘ಮೇಷ್ಟ್ರೇ’ ಎನ್ನುತ್ತಿದ್ದ ರಸೂನಾ ಸೌಟು ಹಿಡಿದು ಪಕ್ಕಕ್ಕೆ ಬಂದಳು. “ಸ್ವಲ್ಪ ಸಾರು ಹಾಕ್ಲಾ, ಅಪ?”

ಅದು ಯಾವ ಭಾಷೆಯ ಮಾತೆಂದು ಮೇಷ್ಟ್ರು ವಿಚಾರಿಸಲಿಲ್ಲ. ಸುಮ್ಮನೆ ಬಟ್ಟಲು ಒಡ್ಡಿದರು.