ಬೆಳಗದ ಕೋಶಗಳು

ಬೆಳಗಿನ ಮಾತ್ರೆ ನುಂಗಿರಲಿಲ್ಲ. ಮರೆತದ್ದಲ್ಲ; ಆಮೇಲೆ ಎಂದಿದ್ದೆ.

"ಆಮೇಲೆ ಅಂದ್ರೆ ಯಾವಾಗ ಅತ್ತಿಗೆ?" ನಾದಿನಿ ಬಾಗಿಲಿಗೆ ಅಡ್ಡ ನಿಂತಳು.

"ಅದರಿಂದ ತಲೆ ಸುತ್ತುತ್ತೆ. ಬೇರೆ ಏನೋ ಸಿಗೋ ಹಾಗಿದೆ. ನಿನ್ನೆ ಲ್ಯಾಬಲ್ಲಿ ಕಣ್ಣಾರೆ ನೋಡ್ದೆ."

"ನಮ್ಮಣ್ಣನೂ ಹೀಗೇ. ದಿನಕ್ಕೊಂದು ಹೊಸ ಔಷಧಿ ಹುಡುಕ್ಕೊಂಡು ಮಾತ್ರೆ ಬಿಟ್ಟ. ನೀವು ಓದಿದೋರು ಅಂದ್ಕೊಂಡಿದ್ದೆ."

ಅವಳಣ್ಣ ನನ್ನ ಗಂಡ. ಅವನು ತೀರಿಹೋಗಿ ವರ್ಷವಾಗಿತ್ತು. ಅವನಿಂದ ಬಂದ ಎಚ್‌ಐವಿ ನನ್ನಲ್ಲಿ ಉಳಿದಿತ್ತು. ಲ್ಯಾಬಿನಲ್ಲಿ ಇದು ಯಾರಿಗೂ ಗೊತ್ತಿಲ್ಲ.

ಅಲ್ಲಿ ನಮ್ಮ ಕೆಲಸವೂ ಅದರ ಮೇಲೆಯೇ. ರೋಗ ತಡೆಯುವ ಕೋಶಗಳೊಳಗೆ ವೈರಸ್ಸಿನ ಜೀನು ಸೇರಿಕೊಂಡು ಅಡಗಿರುತ್ತದೆ. ಅದು ಎಚ್ಚರಗೊಂಡರೆ ಕೋಶ ಹಸಿರಾಗಿ ಬೆಳಗುವಂತೆ ಮಾಡಿಟ್ಟಿದ್ದೇವೆ. ಕೋಶಗಳನ್ನು ಕೆರಳಿಸಿ, ಜೊತೆಗೆ ವೈರಸ್ಸನ್ನು ಸುಮ್ಮನಿರಿಸಬಹುದಾದ ಆ್ಯಂಟಿಆಕ್ಸಿಡೆಂಟ್ ಎಂಬ ರಾಸಾಯನಿಕ ಹಾಕಿ, ಎಷ್ಟು ಬೆಳಗುತ್ತವೆ ಎಂದು ನೋಡುತ್ತೇವೆ. ನಿನ್ನೆ ಹೆಚ್ಚು ಪ್ರಮಾಣ ಹಾಕಿದ ಕಡೆ ಒಂದು ಕೋಶವೂ ಬೆಳಗಿರಲಿಲ್ಲ.

"ಪೂರ್ತಿ ಆರಿಸಿಬಿಟ್ಟಿದ್ದೀಯಲ್ಲಮ್ಮ!" ನಾನು ಲ್ಯಾಬಿಗೆ ಬರುತ್ತಲೇ ಅಲ್ಲಿನ ಮುಖ್ಯಸ್ಥರಾದ ಮೇಷ್ಟ್ರು ಕೈ ಉಜ್ಜಿಕೊಂಡರು. "ಸಂಜೆ ಸಭೇಲಿ ಇದನ್ನೇ ತೋರಿಸೋಣ."

ಕೂರಲಾಗಲಿಲ್ಲ. ಮೇಜು ಒರೆಸಿದೆ. ಕಿಟಕಿ ತೆರೆದೆ, ಮುಚ್ಚಿದೆ. ಬಾಟಲಿ ತೊಳೆಯಲು ನಿಂತೆ.

"ಆ ಬಾಟ್ಲಿ ಏನ್ ಪಾಪ ಮಾಡಿದೆ? ಈಗಷ್ಟೇ ಉಜ್ಜಿದ್ರಲ್ಲ," ಎಂದಳು ಪಕ್ಕದ ಮೇಜಿನ ಸಹೋದ್ಯೋಗಿ. ಪರದೆಯ ಮೇಲಿದ್ದ ಕೋಶಗಳ ತಟ್ಟೆಯ ಚಿತ್ರ ನೋಡಿ ನಕ್ಕಳು. "ನಿಮ್ಮ ಕೋಶಗಳೂ ನಿಮ್ಮ ಥರಾನೇ. ಎಷ್ಟು ಕೆರಳಿಸಿದ್ರೂ ತುಟಿ ಪಿಟಕ್ಕನ್ನಲ್ಲ. ಜೀವ ಇದೆಯೋ ಇಲ್ವೋ ನೋಡಿದ್ರಾ?"

ನೋಡಿರಲಿಲ್ಲ.

ನೀಲಿ ಬಣ್ಣದ ಹನಿ ಬೆರೆಸಿದೆ. ಜೀವವಿರುವ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ; ಸತ್ತದ್ದು ನೀಲಿಯಾಗುತ್ತದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಹೆಚ್ಚು ಪ್ರಮಾಣ ಹಾಕಿದ ಕಡೆ ಎಲ್ಲವೂ ನೀಲಿ. ಕಡಿಮೆ ಪ್ರಮಾಣ ಹಾಕಿದ ಕಡೆ ಕೋಶಗಳು ಬದುಕಿದ್ದವು. ಅಲ್ಲಿ ಹಸಿರು ಮಂಕಾಗಿತ್ತು, ಅಷ್ಟೇ. ಆರಿರಲಿಲ್ಲ.

"ಸರ್, ಜೀನು ಸುಮ್ಮನಾಗಿದ್ದಲ್ಲ. ನಾವು ಕೋಶಗಳನ್ನೇ ಕೊಂದಿದ್ದೀವಿ."

ಮೇಷ್ಟ್ರು ಕನ್ನಡಕ ತೆಗೆದರು. "ಒಂದೂ ಉಳಿದಿಲ್ವಾ?"

"ಇಲ್ಲ. ಕಡಿಮೆ ಹಾಕಿದ ಕಡೆ ಬದುಕಿವೆ, ಹಸಿರು ಮಂಕಾಗಿದೆ ಅಷ್ಟೇ."

"ಮಂಕಾದದ್ದಂತೂ ನಿಜ ತಾನೇ? ಅಷ್ಟನ್ನೇ ಹೇಳೋಣ. ಪ್ರಮಾಣ ಅರ್ಧ ಮಾಡಿ ಇನ್ನೊಂದ್ಸಲ ಇಡು."

ಊಟದ ಬಿಡುವಿನಲ್ಲಿ ಮನೆಗೆ ಬಂದೆ. ನಾದಿನಿ ನನ್ನ ಮುಖ ನೋಡಿದಳು. ಮಾತ್ರೆಯನ್ನೂ ನೀರನ್ನೂ ತಂದಳು. ನುಂಗಿದೆ.

"ನಾಳೆಯಿಂದ ನಾನೇ ಕೊಡೋದು. ಬಾಯಿ ತೆರೆಸಿ ನೋಡ್ತೀನಿ."

"ನಾನೇನು ಕರುನಾ?"

"ಕರು ಆಗಿದ್ರೆ ಹೇಳಿದ್ದು ಕೇಳ್ತಿತ್ತು."

ನಗು ಬರಬೇಕಿತ್ತು. ಬರಲಿಲ್ಲ.

"ಸ್ವಲ್ಪ ಮಲಗಿ ಅತ್ತಿಗೆ."

"ಕೆಲಸ ಇದೆ," ಎಂದೆ. ಚಪ್ಪಲಿ ಮೆಟ್ಟಿ, ತಲೆ ಸುತ್ತಲು ಶುರುವಾಗುವ ಮೊದಲೇ ಬಸ್ಸು ಹಿಡಿಯಲು ಓಡಿದೆ.