ನೂರು ದಿನದ ಕೂದಲು

ಕೆಲಸದ ಗೇಟಿನ ಹೊರಗೆ ಫಾನ್ ಮಾನ್‌ತುನ್‌ನಿಗೆ ಅರವತ್ತೊಂದು ತುಂಬಿತ್ತು. ಗೇಟಿನ ಒಳಗೆ ಐವತ್ತನಾಲ್ಕು. ಹೊರಗೆ ಅವನು ಮಾನ್‌ತುನ್, ಒಳಗೆ ಲಿಯಾಂಗ್. ಲಿಯಾಂಗ್ ಎಂಬುವವನು ಊರಿನಲ್ಲಿದ್ದ ಅವನ ತಮ್ಮ. ಕಾಲು ಊನವಾಗಿ ಹೊಲ ನೋಡಿಕೊಂಡಿದ್ದವನಿಗೆ ಗುರುತಿನ ಚೀಟಿಯಿಂದ ಆಗಬೇಕಾದ್ದು ಅಷ್ಟರಲ್ಲೇ ಇತ್ತು. ಅದನ್ನು ಅಣ್ಣನ ಜೇಬಿಗೆ ಹಾಕಿ, “ತಗೊಂಡ್ಹೋಗು, ನನ್ನ ಮುಖ ನಿನ್ನ ಮುಖ ಎರಡೂ ಒಂದೇ ಅಚ್ಚು” ಎಂದು ನಕ್ಕಿದ್ದ.

ಅಚ್ಚು ಒಂದೇ, ನಿಜ. ಆದರೆ ಮಾನ್‌ತುನ್‌ನ ತಲೆ ಅರವತ್ತರ ಅಂಚಿನಲ್ಲಿ ಒಂದೇ ವರ್ಷದಲ್ಲಿ ಹತ್ತಿಯಂತೆ ಬೆಳ್ಳಗಾಗಿತ್ತು. ಅರವತ್ತು ದಾಟಿದ ಗಂಡಸರು ಕಟ್ಟಡದ ಕೆಲಸಕ್ಕೆ ಹತ್ತಕೂಡದೆಂದು ಜೆಂಗ್‌ಝೌ ನಗರದ ದೊಡ್ಡವರು ನಿಯಮ ಮಾಡಿದ್ದರು. ಮುದುಕರು ಬಿದ್ದು ಸಾಯುತ್ತಾರಂತೆ. ಆ ದೊಡ್ಡವರು ಕುಳಿತಿದ್ದ ಹದಿನಾಲ್ಕು ಅಂತಸ್ತಿನ ಕಚೇರಿಗೆ ಕಂಬಿ ಕಟ್ಟಿದ್ದು ಇವೇ ಮುದುಕರು, ಮುದುಕರಾಗುವ ಮುಂಚೆ. ಕೆಲಸ ಬೇಕಾದಾಗ ಯಾರೂ ಯಾರ ವಯಸ್ಸನ್ನೂ ಕೇಳಿರಲಿಲ್ಲ. ಕೆಲಸ ಬತ್ತಿದ ಮೇಲೆ ಎಲ್ಲರಿಗೂ ಮುದುಕರ ಮೇಲೆ ಕರುಣೆ ಉಕ್ಕಿ ಬಂತು.

ಹೀಗಾಗಿ ಹತ್ತು ದಿನಕ್ಕೊಮ್ಮೆ ಹೆಂಡತಿ ಯೂರೋಂಗ್ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗಂಡನ ತಲೆಗೆ ಕಪ್ಪು ಬಳಿಯುತ್ತಿದ್ದಳು.

“ಅಲ್ಲಾಡ್ಬೇಡ ಮುದುಕಪ್ಪಾ, ಕಿವಿಗೆ ಹತ್ತುತ್ತೆ.”

“ಮುದುಕಪ್ಪ ಅನ್ಬೇಡ್ವೇ. ಬಾಯಿಗೆ ರೂಢಿ ಆಗ್ಬಿಟ್ರೆ ಗೇಟ್ ಹತ್ರಾನೂ ಹಾಗೇ ಕೂಗ್ತೀಯ.”

“ಮತ್ತೇನ್ ಲಿಯಾಂಗ್ ಅನ್ಲಾ? ಮೈದುನನ ಹೆಸರು ಹಿಡಿದು ಗಂಡನ್ನ ಕರೆಯೋ ಕರ್ಮ ನಮ್ಮ ವಂಶದಲ್ಲಿ ಯಾರಿಗೂ ಬಂದಿರ್ಲಿಲ್ಲ, ನೋಡು.”

ಇಬ್ಬರೂ ನಗುತ್ತಿದ್ದರು. ನಗದೆ ಏನು ಮಾಡುವುದು? ಮೇಸ್ತ್ರಿ ಪಾಂಗ್‌ನ ಗುಂಪಿನಲ್ಲಿ ಒಂದು ಕಾಲಕ್ಕೆ ಕಂಬಿ ಕಟ್ಟುವವರೇ ನಲವತ್ತು ಜನರಿದ್ದರು. ಈಗ ಹನ್ನೊಂದು. ಹದಿನೇಳನೆಯ ಅಂತಸ್ತಿನ ಮೇಲೆ ನಿಂತು ನೋಡಿದರೆ ಸುತ್ತಲೂ ಮೂವತ್ತಕ್ಕೂ ಹೆಚ್ಚು ಕ್ರೇನುಗಳು ಕಾಣುತ್ತಿದ್ದವು. ತಿರುಗುತ್ತಿದ್ದದ್ದು ಇವರದನ್ನೂ ಸೇರಿಸಿ ಮೂರು. ಉಳಿದವುಗಳ ಕೆಳಗೆ ಕಿಟಕಿಯಿಲ್ಲದ ಕಟ್ಟಡಗಳು ಬಾಯಿ ತೆರೆದು ನಿಂತಿದ್ದವು, ಒಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಇನ್ನು ಒಂಬತ್ತು ಅಂತಸ್ತು ಏಳಬೇಕಿತ್ತು. ಒಂಬತ್ತು ಅಂತಸ್ತು ಎಂದರೆ ಚಳಿಗಾಲದವರೆಗೆ ಕೆಲಸ. ಇದೊಂದು ಕೈತಪ್ಪಿದರೆ ಬದುಕಿನಲ್ಲಿ ಮತ್ತೆ ಕಂಬಿ ಮುಟ್ಟುವ ಯೋಗವಿಲ್ಲ ಎಂದು ಮಾನ್‌ತುನ್‌ನಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತಾರು ವರ್ಷದಿಂದ ಬಲಗೈಯಲ್ಲಿ ತಂತಿ ಸುತ್ತುವ ಕೊಕ್ಕೆ ಹಿಡಿದವನು. ಕೊಕ್ಕೆಯಿಲ್ಲದ ಕೈಯನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತಮ್ಮನ ಫೋನು ಬಂತು. “ಅಣ್ಣಾ, ಅವ್ವ ಹೋಗ್ಬಿಟ್ಲು.”

ಐದು ತಾಸು ಬಸ್ಸಿನಲ್ಲಿ ಕುಳಿತು ಊರು ಮುಟ್ಟಿದಾಗ ಅವ್ವನನ್ನು ಆಗಲೇ ನಡುಮನೆಯಲ್ಲಿ ಮಲಗಿಸಿದ್ದರು. ಎಂಬತ್ತಾರರ ಅವ್ವ ಬಟ್ಟೆಯೊಳಗೆ ಇದ್ದಾಳೋ ಇಲ್ಲವೋ ಎನ್ನುವಷ್ಟು ಸಣ್ಣಗಾಗಿದ್ದಳು. ಮಾನ್‌ತುನ್ ಮಂಡಿಯೂರಿದ. ಮೊನ್ನೆ ತಾನೇ ಬಣ್ಣ ಹಾಕಿಸಿಕೊಂಡಿದ್ದ ಅವನ ತಲೆ ಬಿಳಿ ಬಟ್ಟೆ ತೊಟ್ಟ ನೆಂಟರ ನಡುವೆ ಮಿರಮಿರ ಮಿಂಚುತ್ತಿತ್ತು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಆದರೆ ಅವ್ವನ ತಂಗಿ, ಕಣ್ಣು ಮಂಜಾದ ಚಿಕ್ಕಮ್ಮ, ಅವನ ತಲೆ ಸವರಿ ಗೊಳೋ ಎಂದು ಅತ್ತಳು. “ಅಕ್ಕ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ಲು ಕಣಪ್ಪಾ. ನನ್ನ ಹಿರೀಮಗನ ತಲೇಲಿ ಒಂದೇ ಒಂದು ಬಿಳಿ ಕೂದಲಿಲ್ಲ, ಅವನಿನ್ನೂ ಹುಡುಗ ಅಂತ. ಅವನ ತಲೆ ನೆರೆಯೋವರ್ಗೂ ನಾನು ಸಾಯಲ್ಲ ಅಂತಿದ್ಲು. ಮಾತು ತಪ್ಪಿದ್ಲಲ್ಲಪ್ಪಾ!”

ಪಕ್ಕದಲ್ಲಿದ್ದ ತಮ್ಮ ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ.

ಮೂರನೆಯ ದಿನ ಗೋಧಿಯ ಹೊಲದಲ್ಲಿ, ಅಪ್ಪನ ಪಕ್ಕ, ಅವ್ವನನ್ನು ಮಣ್ಣು ಮಾಡಿದರು. ಅಲ್ಲಿಂದ ನೂರು ದಿನ ಮಗನಾದವನು ತಲೆಗೆ ಕತ್ತರಿ, ಮುಖಕ್ಕೆ ಕ್ಷೌರದ ಕತ್ತಿ ತಾಗಿಸಬಾರದು, ಚಂದ ಮಾಡಿಕೊಳ್ಳಬಾರದು. ನೂರನೆಯ ದಿನ ಕೂದಲು ತೆಗೆಸಿ ಸಮಾಧಿಗೆ ಹೋಗಬೇಕು. ಅಪ್ಪ ಸತ್ತಾಗ ಮಾನ್‌ತುನ್ ಒಂದು ದಿನವೂ ಕಡಿಮೆ ಮಾಡದೆ ಇದನ್ನು ನಡೆಸಿದ್ದ. ಆಗ ಊರೂರಿಗೆ ಬಂದು ಕೆಲಸದವರನ್ನು ಲಾರಿಗೆ ತುಂಬಿಕೊಂಡು ಹೋಗುತ್ತಿದ್ದ ಕಾಲ. ಮುಖದ ತುಂಬ ಗಡ್ಡ ಬಿಟ್ಟುಕೊಂಡು ಕಂಬಿ ಕಟ್ಟುತ್ತಿದ್ದವನನ್ನು ಎಲ್ಲರೂ ಕರಡಿ ಎಂದು ಕಿಚಾಯಿಸುತ್ತಿದ್ದರು. ಆದರೆ ಊಟಕ್ಕೆ ಕೂತಾಗ ಮೊದಲ ಬಟ್ಟಲು ಅವನಿಗೇ. ತಂದೆಯ ದುಃಖ ಹೊತ್ತವನೆಂದು ಮರ್ಯಾದೆ.

ಎಂಟನೆಯ ದಿನ ಮಾನ್‌ತುನ್ ಕೆಲಸಕ್ಕೆ ಮರಳಿದ. ಮೂರು ವಾರ ಹೇಗೋ ನಡೆಯಿತು. ಗೇಟಿನ ಕಾವಲುಗಾರ ಪಕ್ಕದ ಊರಿನವನು. ಮುಖ ನೋಡುವ ಯಂತ್ರ ತಕರಾರು ಮಾಡಿದಾಗಲೆಲ್ಲ ತನ್ನ ಬೀಗದ ಕೈಯಿಂದ ಪಕ್ಕದ ಬಾಗಿಲು ತೆರೆದು, “ನುಗ್ಗು ಬೇಗ, ನಿಮ್ಮವ್ವನ ಮುಖ ನೋಡಿ ಬಿಡ್ತಿದೀನಿ” ಎನ್ನುತ್ತಿದ್ದ. ಹೆಲ್ಮೆಟ್ಟಿನ ಅಂಚಿನಲ್ಲಿ ಬಿಳಿ ಬೇರು ಇಣುಕಿತು. ಗಡ್ಡವಂತೂ ಶುದ್ಧ ಉಪ್ಪು.

ನಲವತ್ತನೆಯ ದಿನ, ಶನಿವಾರ ಸಂಜೆ, ಪಾಂಗ್ ಕೋಣೆಗೇ ಬಂದ. ಮೇಸ್ತ್ರಿಯಾದರೂ ಮಾನ್‌ತುನ್‌ಗಿಂತ ಹತ್ತು ವರ್ಷ ಚಿಕ್ಕವನು, ಕೊಕ್ಕೆ ಹಿಡಿಯಲು ಇವನಿಂದಲೇ ಕಲಿತವನು. ಯೂರೋಂಗ್ ಇಟ್ಟ ಬಿಸಿನೀರಿನ ಲೋಟವನ್ನು ಮುಟ್ಟಲಿಲ್ಲ.

“ಫಾನ್ ಅಣ್ಣಾ, ಸೋಮವಾರ ನಗರದಿಂದ ತಪಾಸಣೆಗೆ ಬರ್ತಿದಾರೆ. ಒಬ್ಬೊಬ್ಬರನ್ನೇ ನಿಲ್ಲಿಸಿ ಚೀಟಿ ಪಕ್ಕ ಮುಖ ಇಟ್ಟು ನೋಡ್ತಾರಂತೆ.”

“ಹಂಗಾದ್ರೆ ಸೋಮವಾರ ರಜ ಹಾಕ್ತೀನಿ.”

“ಪಟ್ಟಿಲಿರೋ ಹನ್ನೊಂದು ತಲೇನೂ ನಿಂತಿರ್ಬೇಕು. ಒಂದು ಸುಳ್ಳು ಹೆಸರು ಸಿಕ್ಕಿದ್ರೆ ಇಡೀ ಗುಂಪನ್ನೇ ಆಚೆ ಹಾಕ್ತಾರೆ. ಕಂಪನಿಯೋರು ಅಂಥ ನೆಪಾನೇ ಕಾಯ್ತಿದಾರೆ.”

“ಪಾಂಗ್, ಇನ್ನು ಅರವತ್ತು ದಿನ ಐತೆ ಕಣೋ. ಅಪ್ಪನ ಸಲ ನೀನೇ ನನ್ನ ಜಾಗ ಹಿಡಿದಿಟ್ಟಿದ್ದೆ.”

“ಆವಾಗ ನನ್ನ ಹತ್ರ ಕೆಲಸ ಇತ್ತಣ್ಣ. ಈಗೇನಿದೆ?” ಪಾಂಗ್ ಎದ್ದು ಬಾಗಿಲ ಕಡೆ ತಿರುಗಿದ. “ಅವ್ವಂಗೋಸ್ಕರ ಬಿಟ್ಟ ಕೂದಲು ತೆಗಿ ಅಂತ ಹೇಳೋಕೆ ಬಂದಿದೀನಿ. ನನ್ನ ಬಾಯಿಗೆ ಹುಳ ಬೀಳ್ಲಿ. ಆದ್ರೆ ಹತ್ತು ಜನರ ಅನ್ನ ಅಣ್ಣಾ.”

ಅವನು ಹೋದ ಮೇಲೆ ಮಾನ್‌ತುನ್ ಲೋಟ ಎತ್ತಿ ಆರಿದ ನೀರನ್ನು ಹೊರಗೆ ಚೆಲ್ಲಿ ಬಂದ. ಯೂರೋಂಗ್ ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಅವನೇ ಮೊಗಚಿ ಹಾಕಿದ ಬಕೆಟ್ಟಿನ ಮೇಲೆ ಕುಳಿತು, ಹೆಗಲಿಗೆ ಟವೆಲ್ಲು ಹಾಕಿಕೊಂಡು, “ತಗೋ” ಎಂದ. ಅವಳು ಗಡ್ಡ ಹೆರೆದಳು. ಕೂದಲು ಕತ್ತರಿಸಿದಳು. ಬಣ್ಣದ ಪೊಟ್ಟಣ ಒಡೆದು ಅರ್ಧ ಕಲಸಿದಳು. ಬಣ್ಣ ಕಿವಿಗೆ, ಕುತ್ತಿಗೆಗೆ ಎಲ್ಲ ಹತ್ತಿತು. ಅವನು ಅಲ್ಲಾಡಲಿಲ್ಲ. ಊರು ಯಾವ ದಿಕ್ಕಿಗಿದೆಯೋ ಆ ಗೋಡೆಗೆ ಬೆನ್ನು ಮಾಡಿ ಕುಳಿತಿದ್ದ.

“ಅವ್ವಾ, ತಪ್ಪಾಯ್ತು,” ಎಂದ ಒಮ್ಮೆ. ಯೂರೋಂಗ್ ಬ್ರಷ್ಷನ್ನು ಬಟ್ಟಲಿಗೆ ಹಾಕಿ, ಸೆರಗಿಲ್ಲದ ಹೆಂಗಸು, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಸೋಮವಾರದ ತಪಾಸಣೆ ಅರ್ಧ ಗಳಿಗೆಯಲ್ಲಿ ಮುಗಿಯಿತು. ಕನ್ನಡಕದ ಹುಡುಗಿಯೊಬ್ಬಳು ಚೀಟಿ ನೋಡಿದಳು, ಮುಖ ನೋಡಿದಳು. “ಐವತ್ನಾಕಾ ಮಾಮಾ? ನಮ್ಮಪ್ಪನಿಗಿಂತ ಗಟ್ಟಿ ಇದೀರ,” ಎಂದು ನಕ್ಕು ಮುಂದೆ ಹೋದಳು. ಒಳ್ಳೆಯ ಹುಡುಗಿ. ಬೈಯಲಿಕ್ಕೂ ಯಾರೂ ಸಿಗಲಿಲ್ಲ.

ಮಾನ್‌ತುನ್ ಅಂದಿನಿಂದ ಯಾರೊಂದಿಗೂ ಹೆಚ್ಚು ಮಾತಿಲ್ಲದೆ ದುಡಿದ. ಹದಿನೆಂಟನೆಯ ಅಂತಸ್ತಿನ ಚಾವಣಿಗೆ ಕಂಬಿ ಹಾಸಿ, ಒಂದು ಕಟ್ಟೂ ಸಡಿಲವಾಗದಂತೆ ಬಿಗಿದ. ಹೀಗೆ ಕಟ್ಟಿದ್ದನ್ನು ನಾನು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ ಎಂದು ಪಾಂಗ್ ಬೆನ್ನು ತಟ್ಟಿದ. ಒಂಬತ್ತನೆಯ ದಿನಕ್ಕೆ ಎಲ್ಲ ಸಿದ್ಧವಾಯಿತು. ಬೆಳಿಗ್ಗೆ ಏಳಕ್ಕೆ ಕಾಂಕ್ರೀಟಿನ ಲಾರಿಗಳು ಬರಬೇಕಿತ್ತು.

ಏಳಾಯಿತು, ಎಂಟಾಯಿತು. ಹನ್ನೊಂದು ಜನ ರಬ್ಬರು ಬೂಟು ಹಾಕಿಕೊಂಡು ಕಂಬಿಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತೇ ಇದ್ದರು. ಹತ್ತಕ್ಕೆ ಕ್ರೇನು ನಡೆಸುವವನು ತನ್ನ ಗೂಡಿನಿಂದ ಮೆಟ್ಟಿಲಿಳಿದು ಬಂದ. ಅವನು ಹಾಗೆ ನಡುಹಗಲು ಇಳಿದದ್ದನ್ನು ಯಾರೂ ಕಂಡಿರಲಿಲ್ಲ. “ವಿದ್ಯುತ್ತು ತೆಗ್ದಿದಾರೆ,” ಎಂದ. ಕೆಳಗೆ ಗೇಟಿಗೆ ಕಾಗದ ಅಂಟಿಸಿದ್ದರು. ಮನೆ ಕೊಳ್ಳುವವರಿಲ್ಲ, ಕಂಪನಿ ಕೈಚೆಲ್ಲಿದೆ, ಮುಂದಿನ ಸೂಚನೆಯವರೆಗೆ ಕೆಲಸ ನಿಂತಿದೆ. ಮುಖ ನೋಡುವ ಯಂತ್ರವೂ ಕಣ್ಣು ಮುಚ್ಚಿತ್ತು. ಅದರ ಮುಂದೆ ಯಾರು ಬೇಕಾದರೂ ಯಾವ ತಲೆಯನ್ನಾದರೂ ಹೊತ್ತು ಹೋಗಬಹುದಿತ್ತು.

ಪಾಂಗ್ ಗೇಟಿನ ಪಕ್ಕ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. “ಒಂಬತ್ತು ದಿನಕ್ಕೆ... ಒಂಬತ್ತೇ ದಿನಕ್ಕೆ ನಿನ್ನ ಕೈಲಿ ಆ ಪಾಪ ಮಾಡಿಸ್ದೆ ಅಣ್ಣಾ.”

“ಏಳು. ನಿನಗೇನು ಗೊತ್ತಿತ್ತು,” ಎಂದ ಮಾನ್‌ತುನ್. ಆದರೆ ಎದೆಯೊಳಗೆ ಬೆಂಕಿ ಹೊತ್ತಿತ್ತು. ಅವ್ವನ ನೂರು ದಿನವನ್ನು ಅವನು ಮಾರಿದ್ದ, ಮಾರಿದ್ದಕ್ಕೆ ಸಿಕ್ಕಿದ್ದು ಒಂಬತ್ತು ದಿನ. ಯಾರೂ ಕಾಂಕ್ರೀಟು ಸುರಿಯದ ಒಂದು ಚಾವಣಿ.

ಒಂದು ತಿಂಗಳು ಇಬ್ಬರೂ ಕಾದರು. ಬೆಳಗಿನ ಜಾವ ಮೇಲ್ಸೇತುವೆಯ ಕೆಳಗೆ ಕೂಲಿಯವರು ನಿಲ್ಲುವಲ್ಲಿ ಅವನೂ ನಿಂತ. ಇನ್ನೂರು ಜನ ನಿಂತರೆ ಐದು ಜನರನ್ನು ಕರೆಯುತ್ತಿದ್ದರು, ಅದೂ ಹಳೆಯ ಗೋಡೆ ಒಡೆಯಲಿಕ್ಕೆ. ಯೂರೋಂಗ್ ಮತ್ತೆ ಬಣ್ಣ ಹಚ್ಚಲೇ ಎಂದಾಗ ಬೇಡವೆಂದ. ಕೊನೆಗೆ ಹಾಸಿಗೆ ಸುತ್ತಿಕೊಂಡು ಊರಿನ ಬಸ್ಸು ಹತ್ತಿದರು.

ನೂರನೆಯ ದಿನದ ಹೊತ್ತಿಗೆ ಗೋಧಿ ಕೊಯ್ದಾಗಿತ್ತು. ಕೂಳೆಯ ಸಾಲಿನ ನಡುವೆ ಮೆಕ್ಕೆಜೋಳ ಗೇಣುದ್ದ ಎದ್ದಿತ್ತು. ಬೆಳಿಗ್ಗೆ ಊರ ಕ್ಷೌರಿಕ ಅಂಗಳಕ್ಕೆ ಬಂದು ಮಾನ್‌ತುನ್‌ನ ತಲೆಯ ಕಪ್ಪು ತುದಿಗಳನ್ನೆಲ್ಲ ಕತ್ತರಿಸಿದ. ಕತ್ತರಿ ನಿಂತಾಗ ಉಳಿದದ್ದು ಪೂರಾ ಬಿಳಿ. ಮಾನ್‌ತುನ್ ಕನ್ನಡಿ ನೋಡಿದ. ಒಬ್ಬ ಮುದುಕ ಅವನನ್ನೇ ನೋಡುತ್ತಿದ್ದ.

“ಯೂರೋಂಗ್, ಆ ಅರ್ಧ ಪೊಟ್ಟಣ ಐತಾ?”

“ಐತೆ. ಯಾಕೆ?”

“ಕಲಸು. ಅವ್ವ ಈ ತಲೇನ ಯಾವತ್ತೂ ನೋಡಿಲ್ಲ. ಹಿಂಗೇ ಹೋಗಿ ನಿಂತ್ರೆ ಯಾರೋ ಅಂದ್ಕೋತಾಳೆ. ಇವತ್ತಾದ್ರೂ ಅವಳಿಗೋಸ್ಕರ ಹಚ್ಕೋತೀನಿ.”

ಯೂರೋಂಗ್ ಬಟ್ಟಲು ತಂದು ಕಲಸತೊಡಗಿದಳು. ಜಗಲಿಯ ಮೇಲೆ ಕುಳಿತಿದ್ದ ತಮ್ಮ ಲಿಯಾಂಗ್ ಕುಂಟುತ್ತ ಬಂದು ಅವಳ ಕೈಯಿಂದ ಬಟ್ಟಲು ತೆಗೆದುಕೊಂಡ.

“ಬೇಡ ಅತ್ತಿಗೆ. ಅಣ್ಣಾ, ಅವ್ವಂಗೆ ಗೊತ್ತಿತ್ತು.”

“ಏನು?”

“ಹೋದ ವರ್ಷದಿಂದ್ಲೇ ಗೊತ್ತಿತ್ತು. ಹೊಸವರ್ಷಕ್ಕೆ ನೀನು ಬಂದು ಹೋದ ಮೇಲೆ ದಿಂಬಿನ ತುಂಬ ಕರೀ ಕಲೆ. ನಾನು ಒಗೀತೀನಿ ಅಂದ್ರೆ ಬಿಡ್ಲಿಲ್ಲ. ಆ ಚಳೀಲಿ ಬಾವಿ ಹತ್ರ ಕೂತು ತಾನೇ ಉಜ್ಜಿದ್ಲು. ಆಮೇಲೆ ದಿಂಬು ತಬ್ಕೊಂಡು ಅತ್ಲು. ‘ಈ ವಯಸ್ಸಲ್ಲಿ ಬಣ್ಣ ಬಳ್ಕೊಂಡು ದುಡೀತಾನಲ್ಲೋ ನನ್ನ ಮಗ’ ಅಂತ.”

“ಮತ್ತೆ ಊರಿಗೆಲ್ಲ ಬಿಳಿ ಕೂದಲಿಲ್ಲ ಅಂತ ಸಾರ್ತಿದ್ದದ್ದು?”

“ನಾನೂ ಅದನ್ನೇ ಕೇಳ್ದೆ. ಊರೋರು ನಿನ್ನ ವಯಸ್ಸು ಎಣಿಸೋಕೆ ಕೂತ್ರೆ ಯಾರಾದ್ರೂ ಪಟ್ಟಣದಲ್ಲಿ ಬಾಯಿಬಿಡ್ತಾರೆ, ನಿನ್ನ ಕೆಲಸ ಹೋಗುತ್ತೆ ಅಂದ್ಲು. ಅದಕ್ಕೇ ಮೊದ್ಲೇ ತಾನು ಹೇಳ್ಕೊಂಡು ತಿರುಗ್ತಿದ್ಲು. ನಿನಗೆ ಹೇಳಬೇಡ ಅಂತ ನನ್ನ ಕೈಲಿ ಆಣೆ ತಗೊಂಡಿದ್ಲು. ನೂರು ದಿನ ಆಯ್ತಲ್ಲ, ಇನ್ನು ತಡ್ಕೊಳೋಕಾಗ್ಲಿಲ್ಲ.”

ಮಾನ್‌ತುನ್ ಕುಳಿತಲ್ಲೇ ಕುಳಿತ. ಸತ್ತ ಮೇಲೂ ಅವ್ವನಿಗೆ ಮೋಸ ಮಾಡಿದೆನೆಂದು ಎರಡು ತಿಂಗಳಿಂದ ಸುಡುತ್ತಿದ್ದವನು. ಅವಳು ಬದುಕಿದ್ದಾಗಲೇ ಅವನ ಸುಳ್ಳನ್ನು ತನ್ನ ಕೈಯಲ್ಲಿ ಒಗೆದು ಬಿಸಿಲಿಗೆ ಹಾಕಿದ್ದಳು.

ಬಟ್ಟಲಿನ ಬಣ್ಣವನ್ನು ಯೂರೋಂಗ್ ಬಚ್ಚಲಿಗೆ ಚೆಲ್ಲಿದಳು. ನೆಂಟರೆಲ್ಲ ಹೊಲಕ್ಕೆ ಹೊರಟರು. ಸಮಾಧಿಯ ಮುಂದೆ ಕಾಗದದ ಹಣ ಸುಟ್ಟರು, ಹಬೆಯಲ್ಲಿ ಬೇಯಿಸಿದ ಬಿಳಿ ಬನ್ನು, ಹಣ್ಣು ಇಟ್ಟರು. ಹಿರಿಯ ಮಗ ಮುಂದೆ ಬಂದ. ಟೋಪಿ ತೆಗೆದು ಪಕ್ಕಕ್ಕಿಟ್ಟು, ಮಂಡಿಯೂರಿ, ಆ ಬಿಳಿಯ ತಲೆಯನ್ನು ಮಣ್ಣಿಗೆ ಹಚ್ಚಿದ. ಮೂರು ಸಲ ಹಚ್ಚಿ ಏಳಬೇಕು. ಮೂರನೆಯ ಸಲ ಅವನು ಏಳಲಿಲ್ಲ.

“ಅವ್ವಾ, ನಾನು ಮಾನ್‌ತುನ್,” ಎಂದ. ಒಂದೂವರೆ ವರ್ಷದಿಂದ ಹಗಲು ಹೊತ್ತು ಆ ಹೆಸರು ಅವನ ಬಾಯಿಂದ ಬಂದಿರಲಿಲ್ಲ. “ನನಗೆ ಅರವತ್ತೊಂದು ಕಣವ್ವಾ. ಸುಸ್ತಾಗೈತೆ.”