ಸುಮ್ಮನೆ ಮನೆಯಲ್ಲಿರುವವರು

ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ವಿಭಾಗದಲ್ಲಿ ಯಾರು ಓದುತ್ತಿದ್ದಾರೆ, ಯಾವ ವಯಸ್ಸಿನವರು, ಹೆಂಗಸರೆಷ್ಟು, ದುಡಿಯುವವರೆಷ್ಟು ಎಂದು ವರ್ಷಕ್ಕೊಮ್ಮೆ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಈ ಸಲ ಸಂಜೆ ತರಗತಿಯ ಲೆಕ್ಕ ತೋರಿಸುವ ಬಣ್ಣದ ಚಕ್ರದಲ್ಲಿ, ಅಂದರೆ ಪೈ ಚಾರ್ಟಿನಲ್ಲಿ, ‘ಉದ್ಯೋಗವಿಲ್ಲ’ ಎಂಬ ಹಳದಿ ತುಂಡು ಅರ್ಧಕ್ಕಿಂತ ದೊಡ್ಡದಾಗಿತ್ತು.

ವಿಭಾಗದ ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ‘ಶೇಕಡಾ ಸಾರ್’ ಎನ್ನುತ್ತೇವೆ. ಅವರು ಹಳದಿಯ ಮೇಲೆ ಪೆನ್ನಿನ ತುದಿ ಊರಿದರು.

“ಶೇಕಡಾ ಅರವತ್ತು ಜನಕ್ಕೆ ಕೆಲಸಾನೇ ಇಲ್ಲ. ಮತ್ಯಾಕಮ್ಮ ಸಂಜೆ ಕ್ಲಾಸು? ಹಗಲೇ ಬರ್ಲಿ. ಈ ವಾರದ ಸಭೇಲಿ ಮುಚ್ಚೋಣ ಅಂತೀನಿ.”

ಆ ಹಳದಿಯೊಳಗೆ ನನ್ನ ಅತ್ತಿಗೆಯೂ ಇದ್ದರು. ಮದುವೆಯಾದಾಗ ಬಿಟ್ಟ ಓದನ್ನು ಮಗಳು ಕಾಲೇಜಿಗೆ ಸೇರಿದ ಮೇಲೆ ಮತ್ತೆ ಹಿಡಿದವರು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ಮನೆಯಲ್ಲಿ ನೋಡಿಕೊಳ್ಳುತ್ತಾರೆ. ಸಂಜೆ ತರಗತಿ ಹೋದರೆ ಅವರ ಓದು ಮತ್ತೆ ನಿಂತಂತೆಯೇ. ಆದರೆ ಪ್ರವೇಶದ ದಿನ ಕೌಂಟರಿನಾಕೆ “ಏನ್ ಮಾಡ್ತೀರಿ?” ಎಂದಾಗ ಅವರು ಹೇಳಿದ್ದು, “ಏನಿಲ್ಲ, ಸುಮ್ನೆ ಮನೇಲಿದೀನಿ.” ಆಕೆ ‘ಉದ್ಯೋಗವಿಲ್ಲ’ ಎಂದು ಒತ್ತಿದ್ದಳು. ಉಳಿದವರೂ ಹಾಗೇ ಅಂದಿರಬಹುದೇ? ‘ಸುಮ್ಮನೆ’ ಎಂಬುದಕ್ಕೆ ನನ್ನ ಚಕ್ರದಲ್ಲಿ ಬಣ್ಣವಿರಲಿಲ್ಲ.

ರಾತ್ರಿ ತಡೆಯಲಾರದೆ ವಿಷಯವನ್ನು ಅತ್ತಿಗೆಯ ಕಿವಿಗೆ ಹಾಕಿದೆ. ಅವರು ಒಲೆಯ ಕಟ್ಟೆಯನ್ನು ಒರೆಸಿದ್ದನ್ನೇ ಒರೆಸಿದರು.

ಮರುದಿನ ಮಧ್ಯಾಹ್ನ ಧೈರ್ಯ ಮಾಡಿ ಶೇಕಡಾ ಸಾಹೇಬರ ಕೋಣೆಗೆ ಹೋದೆ.

“ಸಾರ್, ಇವರೆಲ್ಲ ಕೆಲಸ ಮಾಡೋರೇ ಇರ್ಬಹುದು. ಕೆಲಸ ಅಂತ ಬಾಯಿ ಬಿಟ್ಟು ಹೇಳಲ್ಲ ಅಷ್ಟೆ.”

“ನಿಮ್ಮತ್ತಿಗೆ ಇದಾರೆ ಅಂತ ವಕಾಲತ್ತೋ?”

ಕಿವಿ ಬಿಸಿಯಾಯಿತು. “ಇದಾರೆ ಸಾರ್. ನೀವೇ ಕೇಳಿ ನೋಡಿ.”

ಅವರು ಅತ್ತಿಗೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಪರಿಚಯ ಹೇಳಿಕೊಂಡು, “ಏನ್ ಮಾಡ್ತಾ ಇದೀರಿ ಮೇಡಂ?” ಎಂದರು.

“ಏನಿಲ್ಲ ಸಾರ್, ಸುಮ್ನೆ ಕೂತಿದೀನಿ... ಏಯ್! ಅವಳ ಜುಟ್ಟು ಬಿಡೋ! ಕ್ಷಮಿಸಿ ಸಾರ್. ಪುಟ್ಟಿ, ಬಾಯಲ್ಲಿರೋದು ಏನು, ಉಗಿ ಮೊದ್ಲು! ಹೇಳಿ ಸಾರ್, ನಾನು ಬಿಡುವಾಗೇ ಇದೀನಿ.”

ಹಿಂದೆ ಒಂದು ಮಗು ಕಿರುಚಿತು, ಇನ್ನೊಂದು ಅತ್ತಿತು, ಏನೋ ದಡಾರನೆ ಬಿತ್ತು. ಸಾಹೇಬರು ಫೋನನ್ನು ಕಿವಿಯಿಂದ ದೂರ ಹಿಡಿಯುವವರಂತೆ ಮೇಜಿನ ಆಚೆ ತಳ್ಳಿದರು.

“ಹಗಲು ಕ್ಲಾಸಿಗೆ ಬರೋಕಾಗುತ್ತಾ?”

“ಅದೆಂಗಾಗುತ್ತೆ ಸಾರ್? ಇವನ್ನ ಯಾರ ಕೈಗೆ ಕೊಡ್ಲಿ, ನಿಮ್ ಕೈಗಾ?”

ಸಾಹೇಬರು ನಗದಿರಲು ಕೆಮ್ಮಿದರು. ಫೋನಿಟ್ಟು ಹೇಳಿದರು: “ಎಲ್ಲರ್ನೂ ಇನ್ನೊಂದ್ಸಲ ಕೇಳಿ. ಕೆಲಸ ಏನು ಅನ್ಬೇಡಿ. ಹಗಲೆಲ್ಲ ಎಲ್ಲಿರ್ತೀರಿ, ಯಾರ್ ಜೊತೆ ಇರ್ತೀರಿ ಅನ್ನಿ.”

ಕೇಳಿದೆ. ಒಬ್ಬರು ಹೊಲಿಯುತ್ತಿದ್ದರು, ಒಬ್ಬರು ಅಣ್ಣನ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದರು, ಒಬ್ಬರು ಹಾಸಿಗೆ ಹಿಡಿದ ಮಾವನನ್ನು ಬಿಟ್ಟು ಏಳುವಂತಿರಲಿಲ್ಲ. ಹಳದಿ ತುಂಡು ಕಡ್ಡಿಯಷ್ಟಾಯಿತು. ಆದರೂ ಸಭೆ ಮುಗಿಯುವವರೆಗೆ ನಾನು ಬಾಗಿಲ ಹೊರಗೆ ಉಗುರು ಕಚ್ಚುತ್ತ ನಿಂತಿದ್ದೆ. ಸಂಜೆ ತರಗತಿ ಉಳಿಯಿತು.

ಓಡೋಡಿ ಬಂದು ಹೇಳಿದರೆ ಅತ್ತಿಗೆ ತಲೆ ಮೇಲೆ ಕೈಯಿಟ್ಟುಕೊಂಡರು.

“ಅಯ್ಯೋ, ಮುಚ್ಚೇ ಮುಚ್ತಾರೆ ಅಂತ ನೀನು ಹೆದರಿಸಿದ್ದಕ್ಕೆ ಪ್ರಬಂಧ ಮುಟ್ಟೇ ಇಲ್ಲ ಕಣೇ! ಇವತ್ತೇ ಕೊಡ್ಬೇಕು. ಹಿಡ್ಕೋ ಇವಳನ್ನ!”

ಉಳಿದಿದ್ದ ಒಂದೇ ಮಗುವನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಓಡಿದರು. ಮಗು ನನ್ನ ಕನ್ನಡಕಕ್ಕೆ ಕೈ ಹಾಕಿತು. ಅದರ ತಾಯಿ ಇನ್ನೂ ಬಂದಿರಲಿಲ್ಲ. ಅತ್ತಿಗೆಯ ತರಗತಿಗೆ ಹೊತ್ತಾಗುತ್ತಿತ್ತು. ನಾನು ಗೇಟಿನಿಂದ ಕಣ್ಣು ಕೀಳಲಿಲ್ಲ.